‘ಆಪ್ತಿ’ಯೂ ಅದರ ವಿಮರ್ಶಕರೂ

‘ಆಪ್ತಿ’ ಎಂಬ ಪದವು ‘ಆಪ್’ ಧಾತುವಿನಿಂದ ಹುಟ್ಟಿದ್ದು. ಹೊಂದುವಿಕೆ, ದೊರೆಯುವಿಕೆ ಎಂದು ಅದರ ಅರ್ಥ. ಪ್ರಾಪ್ತಿ, ವ್ಯಾಪ್ತಿಗಳು ಅದರ ಬಂಧುಗಳೇ. ಈ ಶುದ್ಧ ಸಂಸ್ಕೃತ ಶಬ್ದವನ್ನು ಅಮೇರಿಕೆಯ ಮೂವರು ಜಾಜ್ ವಾದಕರು 2008ರಲ್ಲಿ ತಮ್ಮ ಧ್ವನಿಮುದ್ರಿಕೆಗೆ ಇಟ್ಟರು. ಮೂವರಲ್ಲಿ ಮುಂದಾಳು ಸ್ಯಾಕ್ಸೋಫೋನ್ ವಾದಕರಾದ ರುದ್ರೇಶ ಮಹಾಂತಪ್ಪನವರು. ಹೆಸರನ್ನು ಕೇಳಿದ ಮಾತ್ರದಿಂದಲೇ ಹುನಗುಂದ, ಬಾಗಲಕೋಟೆಗಳ ಯಾವ ಮನೆಯವರಾದರೂ ಇವರು ಕನ್ನಡದವರೆಂದು ಗುರುತಿಸಿಯಾರು. ಕರ್ನಾಟಕ ಮೂಲದ ತಂದೆತಾಯಿಗಳ ಮಗನಾಗಿ ಇವರು 1971ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ ಜನಿಸಿ, ಅಮೇರಿಕೆಯ ಬೋಲ್ಡರಿನಲ್ಲಿ ಬೆಳೆದರು. ಗಿಟಾರ್ ನುಡಿಸಿದ ರೇಜ್ ಅಬ್ಬಾಸಿಯವರು ಹುಟ್ಟಿದ್ದು ಕರಾಚಿಯಲ್ಲಿ. ತಬಲಾ ಹಿಡಿದ ಡ್ಯಾನ್ ವೈಸರು ಅಮೇರಿಕದವರಾದರೂ ಸಮೀರ ಚಟರ್ಜಿಯವರಲ್ಲಿ ಶಿಕ್ಷಣ ಪಡೆದವರು. ಕೂಟಕ್ಕೆ ‘ಇಂಡೋ-ಪಾಕ್ ಕೊಯಲಿಶನ್’ ಎಂದು ಹೆಸರು.

ಈ ಹೆಸರೇ ವಿಮರ್ಶಕರನ್ನು ಅಡ್ಡದಾರಿಗೆ ಎಳೆಯಿತೆಂದರೆ ತಪ್ಪಾಗಲಾರದು. ಅವರು ಮುದ್ರಿಕೆಯನ್ನು ಹೊಗಳಿದರು, ಅದರಲ್ಲಿ ಸಂದೇಹವಿಲ್ಲ. ಆದರೆ ಭಾರತವೆಷ್ಟು, ಅಮೇರಿಕೆಯೆಷ್ಟು ಎಂದು ಅಳೆದು ನೋಡುವದರಲ್ಲಿಯೇ ಬಹಳಷ್ಟು ಹೊಗಳಿಕೆಯು ಮುಗಿದುಹೋಗುವದು. ಇದು ಅಡಿಗೆಮನೆಯ ಲೆಕ್ಕವೇ ಹೊರತು ಸಂಗೀತದ್ದಲ್ಲ. ಇಂಥ ಪ್ರಶ್ನೆಯ ಕಾಟವು ಮಹಾಂತಪ್ಪನವರಿಗೆ ಹೊಸದೂ ಅಲ್ಲ. ‘ನಿಮಗೆ ಇಂಡಿಯನ್ ಭಾಷೆ ಬರುವದೇ?’ ಎಂಬ ಅಜ್ಞಾನದ ಪ್ರಶ್ನೆಗೆ ಭಾರತೀಯರು ತಂತಮ್ಮ ನುಡಿಗಳಲ್ಲಿ ಕೊಟ್ಟ ಉತ್ತರಗಳ ಏರಿಳಿತವನ್ನೇ ಸ್ವರಕ್ಕಿಳಿಸಿ ಅವರು 2004ರಲ್ಲಿ ‘ಮದರ್ ಟಂಗ್’ ಎಂಬ ಮುದ್ರಿಕೆಯನ್ನು ಮಾಡಿದ್ದರು. ಅದರೊಳಗಿನ ಒಂದು ಕೃತಿಗೆ ‘ಕನ್ನಡ’ ಎಂದೇ ಹೆಸರು!

‘ಆಪ್ತಿ’ಗೆ ಇನ್ನೊಂದು ತೊಡಕೂ ಇದ್ದಿತು. ಅದೇ ವರ್ಷ ಮಹಾಂತಪ್ಪನವರು ಕದ್ರಿ ಗೋಪಾಲನಾಥರೊಡನೆ ನುಡಿಸಿದ ‘ಕಿನ್ಸ್‌ಮನ್’ ಹೊರಬಿದ್ದು, ಹೆಚ್ಚಿನ ಕಣ್ಣುಗಳು ಅತ್ತ ತಿರುಗಿದವು. ಗಮಕಕ್ಕೆ ಒಗ್ಗುವಂತೆ ಸ್ಯಾಕ್ಸೋಫೋನನ್ನೇ ತಿದ್ದಿಕೊಂಡ ಗೋಪಾಲನಾಥರು (ಅವರು 2019ರಲ್ಲಿ ತೀರಿಕೊಂಡರು) ಇದ್ದಲ್ಲಿ ಕೇಳುವವನಿಗೆ ರಾಗದ ಊರುಗೋಲು ದೊರೆಯುವದು. ‘ಆಪ್ತಿ’ಯಲ್ಲಿ ಅಂಥ ಆಸರೆಯಿಲ್ಲ.

ಆಸರೆಯಿಲ್ಲದಿರುವದೇ ಅದರ ಗುಣ. ಜಾಜ್ ಕೂಟಗಳಲ್ಲಿ ಸಾಮಾನ್ಯವಾಗಿ ಮಂದ್ರದ ತಂತಿವಾದ್ಯವೊಂದು ನೆಲೆಗಟ್ಟಾಗಿ ನಿಲ್ಲುವದು. ಇಲ್ಲಿ ಅದಿಲ್ಲ. ಆ ಭಾರವನ್ನು ಡಗ್ಗಾದ ಗಂಭೀರ ನಾದವೂ ಗಿಟಾರೂ ಹೊತ್ತುಕೊಳ್ಳಬೇಕಾಗುವದು. ಒಬ್ಬನು ಮನೋಧರ್ಮಕ್ಕೆ ಹೊರಟಾಗ ಉಳಿದಿಬ್ಬರು ಕಾಲವನ್ನು ಕೈಬಿಡುವಂತಿಲ್ಲ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆ ಹಾಕಿ ಜೋಡಿಸುವರು. ಬಲ್ಲವರು ನೋಡುವದು ಆ ಜೋಡಣೆ ಬಿಗಿಯಾಗಿದೆಯೇ ಎಂಬದನ್ನು, ರೇಶಿಮೆಯ ತೂಕವನ್ನಲ್ಲ. ‘ಆಪ್ತಿ’ಯ ಜೋಡಣೆಯು ತಾಳದಲ್ಲಿದೆ, ಮತ್ತು ಬಿಗಿಯಾಗಿದೆ.

ದೋಷವಿಲ್ಲವೆಂದಲ್ಲ. ‘ಅಡಾಣಾ’ ಎಂಬ ಹೆಸರನ್ನು ಕಂಡು ಆ ರಾಗಕ್ಕಾಗಿ ಕಾದವನಿಗೆ ಸ್ಯಾಕ್ಸೋಫೋನಿನ ಚೂಪಾದ ನೇರ ಸ್ವರವು ಒಪ್ಪದೆ ಹೋದೀತು. ವಿಲಂಬಿತದ ಸುಖವನ್ನು ಬಲ್ಲ ಕಿವಿಗೆ ಅಲ್ಲಲ್ಲಿ ಉಸಿರುಗಟ್ಟಿದಂತೆಯೂ ಆಗುವದು.

2017ರಲ್ಲಿ ಇದೇ ಮೂವರ ‘ಅಗ್ರಿಮ’ ಬಂದಿತು. ಟೀಕಾಕಾರರು ಮುಂದಿನ ಸೂತ್ರವನ್ನು ‘ಅಗ್ರಿಮಸೂತ್ರ’ವೆನ್ನುವರಷ್ಟೆ, ಅದೇ ಅರ್ಥ ಇಲ್ಲಿಯೂ. ಅದರಲ್ಲಿ ‘ರೇವತಿ’, ‘ರಸಿಕಪ್ರಿಯ’ ಎಂಬ ಕೃತಿಗಳಿವೆ. ಎಪ್ಪತ್ತೆರಡನೆಯ ಮೇಳದ ಹೆಸರನ್ನು ಆರಿಸಿಕೊಂಡದ್ದು ಧೈರ್ಯವೇ ಸರಿ. ವೈಸರು ಈ ಸಲ ತಬಲಾಕ್ಕೆ ಪಾಶ್ಚಾತ್ಯ ಡ್ರಮ್ಮುಗಳನ್ನೂ ಕೂಡಿಸಿಕೊಂಡರು. ಯಂತ್ರದ ಧ್ವನಿಗಳೂ ಸೇರಿದವು. ನಾದವು ತುಂಬಿಕೊಂಡಿತು; ‘ಆಪ್ತಿ’ಯಲ್ಲಿ ಮೂವರ ನಡುವೆ ಇದ್ದ ಆ ಬರಿದಾದ ಜಾಗ, ಒಬ್ಬರನ್ನೊಬ್ಬರು ಕಿವಿಗೊಟ್ಟು ಕೇಳುವಂತೆ ಮಾಡುತ್ತಿದ್ದ ಜಾಗ, ಅಷ್ಟರಮಟ್ಟಿಗೆ ಕಿರಿದಾಯಿತು.