ಕಾನೋ ಪೇಟೆಯ ಪ್ರೇಮಕಾದಂಬರಿ

ಇಬ್ನೆ ಸಫಿಯವರ ಪತ್ತೇದಾರಿ ಕಾದಂಬರಿಗಳನ್ನು ಶಂಸುರ್ರಹ್ಮಾನ್ ಫಾರೂಖಿಯವರಂತಹ ಘನ ವಿಮರ್ಶಕರು ಇಂಗ್ಲಿಷಿಗೆ ತಂದಾಗ ಹುಬ್ಬೇರಿಸಿದವರಲ್ಲಿ ನಾವೂ ಒಬ್ಬರು. 2011ರಲ್ಲಿ ಅವನ್ನು ಪ್ರಕಟಿಸಿದ್ದು ಚೆನ್ನೈನ ಬ್ಲಾಫ್ಟ್ ಎಂಬ ಪುಟ್ಟ ಪ್ರಕಾಶನ. ಅದಕ್ಕೂ ಮುಂಚೆ ಅದು ತಮಿಳಿನ ಅಗ್ಗದ ಜನಪ್ರಿಯ ಕಥೆಗಳ ಒಂದು ಸಂಕಲನವನ್ನೂ ತಂದಿತ್ತು. ಇಂತಹ ಸರಕಿನಲ್ಲೇ ಆಸಕ್ತಿಯಿದ್ದ ಈ ಪ್ರಕಾಶನ 2012ರಲ್ಲಿ ಇನ್ನೂ ದೂರದ ಒಂದು ಪುಸ್ತಕವನ್ನು ಅಚ್ಚು ಹಾಕಿತು. ಉತ್ತರ ನೈಜೀರಿಯಾದ ಹೌಸಾ ಭಾಷೆಯ ಕಾದಂಬರಿ ಅದು. ಬರೆದವರು ಬಲಾರಬಾ ರಮತ್ ಯಾಕೂಬು. ಅನುವಾದಿಸಿದವರು ಕಾನೋ ನಗರದ ಬಯೆರೊ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ಸ್ವತಃ ಕಾದಂಬರಿಕಾರರೂ ಆದ ಅಲಿಯು ಕಮಾಲ್.

ಮೂಲ ಕೃತಿಯ ಹೆಸರು 'ಅಲ್‌ಹಕಿ ಕುಯ್‌ಕುಯೊ ನೆ'. ಮಾಡಿದ ಪಾಪ ನಾಯಿಮರಿಯಂತೆ, ಒಡೆಯನ ಬೆನ್ನು ಹತ್ತಿ ಮನೆಗೇ ಬರುತ್ತದೆ ಎಂಬುದು ಅದರ ಭಾವ. 'ಅಲ್‌ಹಕಿ' ಎಂಬ ಪದದೊಳಗೆ ನಮ್ಮ 'ಹಕ್' ಕುಳಿತಿರುವುದು ಉರ್ದು ಬಲ್ಲವರ ಕಿವಿಗೆ ಕೂಡಲೇ ಕೇಳಿಸುತ್ತದೆ. ಇನ್ನೊಬ್ಬರ ಹಕ್ಕು ಕಸಿದವನ ತಲೆಯ ಮೇಲೆ ಕೂರುವ ಭಾರ ಅದು. ಅವರ ಇನ್ನೊಂದು ಕಾದಂಬರಿಯ ಹೆಸರು 'ವಾ ಝೈ ಅವ್ರಿ ಜಾಹಿಲಾ?' ಅಂದರೆ ಅಕ್ಷರ ಬಾರದವಳನ್ನು ಯಾರು ಮದುವೆಯಾಗುತ್ತಾರೆ? ಈ 'ಜಾಹಿಲಾ'ಳನ್ನೂ ನಮಗೆ ಯಾರೂ ಪರಿಚಯಿಸಬೇಕಿಲ್ಲ.

ಹೌಸಾದಲ್ಲಿ ಈ ಬಗೆಯ ಪುಸ್ತಕಗಳಿಗೆ 'ಲಿತ್ತತ್ತಾಫನ್ ಸೊಯಯ್ಯಾ' ಎನ್ನುತ್ತಾರೆ, ಪ್ರೇಮದ ಪುಸ್ತಕಗಳು. ಪಂಡಿತರು ಇಟ್ಟ ಹೆಸರು ಬೇರೆ: 'ಕಾನೋ ಪೇಟೆಯ ಸಾಹಿತ್ಯ'. ಅದರಲ್ಲಿ ವ್ಯಂಗ್ಯವೂ ಇತ್ತು. 1980ರ ಸುಮಾರಿಗೆ ಹೌಸಾ ಮಹಿಳೆ ಹಫ್ಸತ್ ಅಬ್ದುಲ್‌ವಾಹಿದ್ ಅವರ ಪ್ರೇಮಕಾದಂಬರಿ ಸ್ಪರ್ಧೆಯಲ್ಲಿ ಬಹುಮಾನ ಪಡೆದು, ದೊಡ್ಡ ಪ್ರಕಾಶನ ಸಂಸ್ಥೆಯಿಂದಲೇ ಪ್ರಕಟವಾಗಿತ್ತು. ಆಮೇಲೆ ತೈಲದ ಬೆಲೆ ಕುಸಿಯಿತು, 1986ರಲ್ಲಿ ದೇಶದ ಆರ್ಥಿಕ ನೀತಿಯೇ ಬದಲಾಯಿತು, ಕಾಗದ ದುಬಾರಿಯಾಯಿತು, ಪ್ರಕಾಶಕರು ಹೊಸಬರಿಗೆ ಬಾಗಿಲು ಹಾಕಿದರು. ಬಾಗಿಲ ಹೊರಗೆ ನಿಂತ ಹುಡುಗ ಹುಡುಗಿಯರು ತಾವೇ ಹಣ ಹೊಂದಿಸಿ ಅಚ್ಚು ಹಾಕಿಸತೊಡಗಿದರು. ಬಲಾರಬಾ ಅವರ ಮೊದಲ ಕಾದಂಬರಿ 'ಬುದುರ್ವರ್ ಝುಚಿಯಾ' 1987ರಲ್ಲಿ ಬಂತು.

ಈ ಲೇಖಕಿಯ ಬದುಕನ್ನು ಸ್ವಲ್ಪ ಹೇಳಬೇಕು. 1950ರ ದಶಕದ ಕೊನೆಯಲ್ಲಿ ಕಾನೋದಲ್ಲಿ ಹುಟ್ಟಿದವರು. ಶಾಲೆ ಬಿಡಿಸಿ, ಹನ್ನೆರಡು-ಹದಿಮೂರರ ಎಳೆ ಪ್ರಾಯದಲ್ಲಿ, ನಲವತ್ತು ದಾಟಿದ ಗಂಡಸಿಗೆ ಕೊಟ್ಟು ಮದುವೆ ಮಾಡಲಾಯಿತು. ಆ ಮದುವೆ ಬಹಳ ಕಾಲ ಉಳಿಯಲಿಲ್ಲ. ಓದು ಬರಹ ಅವರಿಗೆ ಒಲಿದದ್ದು ಆಮೇಲೆ, ವಯಸ್ಕರ ಶಿಕ್ಷಣದ ತರಗತಿಯಲ್ಲಿ. ಇಂತಹ ಕಥೆ ಬಡವರ ಮನೆಯದು ಎಂದುಕೊಂಡರೆ ತಪ್ಪಾಗುತ್ತದೆ. ನೈಜೀರಿಯಾದ ರಾಷ್ಟ್ರಾಧ್ಯಕ್ಷರಾಗಿದ್ದು 1976ರಲ್ಲಿ ಹತ್ಯೆಯಾದ ಜನರಲ್ ಮುರ್ತಲಾ ಮುಹಮ್ಮದ್ ಈಕೆಯ ಅಣ್ಣ. ಲಾಗೋಸಿನ ವಿಮಾನ ನಿಲ್ದಾಣಕ್ಕೆ ಅವರ ಹೆಸರಿದೆ, ಇಪ್ಪತ್ತು ನಾಯಿರಾ ನೋಟಿನ ಮೇಲೆ ಅವರ ಮುಖವಿದೆ. ತಂಗಿಯ ಪುಸ್ತಕಕ್ಕೆ ಓದುಗರು ಕೊಡುತ್ತಿದ್ದ ಹಣದಲ್ಲಿ ಅಣ್ಣನ ಚಿತ್ರವಿದ್ದ ನೋಟುಗಳೂ ಇದ್ದಿರಬೇಕು.

ಇನ್ನು ಕೆಲಸದ ರೀತಿ. ಈ ಲೇಖಕಿಯರು ಸಾಮಾನ್ಯವಾಗಿ ಬರೆಯುವುದು ಶಾಲಾ ಮಕ್ಕಳ ನೋಟ್‌ಪುಸ್ತಕಗಳಲ್ಲಿ, ಕೈಬರಹದಲ್ಲಿ. ಬರೆಯುವ ಮೇಜು, ಬರೆಯುವ ಕೋಣೆ ಎಂಬುದು ಹೆಚ್ಚಿನವರಿಗಿಲ್ಲ. ಮಂಚ, ಚಾಪೆ, ಅಡುಗೆಯ ನಡುವಿನ ಬಿಡುವು, ಅಷ್ಟೇ. ಅಮೆರಿಕದ ಛಾಯಾಗ್ರಾಹಕಿ ಗ್ಲೆನಾ ಗಾರ್ಡನ್ ಈ ಲೇಖಕಿಯರ ಮನೆಗಳಿಗೆ ಹೋಗಿ ತೆಗೆದ ಚಿತ್ರಗಳು 2015ರಲ್ಲಿ ಪುಸ್ತಕವಾಗಿ ಬಂದವು. ನೋಟ್‌ಪುಸ್ತಕ ತುಂಬಿದ ಮೇಲೆ ಅದು ಟೈಪಿಂಗ್ ಅಂಗಡಿಗೆ, ಅಲ್ಲಿಂದ ಮುದ್ರಣಾಲಯಕ್ಕೆ. ಪುಸ್ತಕ ತೆಳು, ಕಾಗದ ಅಗ್ಗದ್ದು, ಹಿಂದಿನ ರಕ್ಷಾಪುಟದಲ್ಲಿ ಲೇಖಕಿಯ ಫೋಟೋ, ಜೊತೆಗೆ ವಿಳಾಸ. ಒಂದೇ ಕಥೆ ಎರಡು, ಮೂರು ಭಾಗಗಳಲ್ಲಿ ಬರುವುದುಂಟು. ಮೊದಲ ಭಾಗ ಖರ್ಚಾದರೆ ಆ ಹಣದಲ್ಲಿ ಎರಡನೆಯದು. ಹಾಗಾಗಿ ಮೊದಲ ಭಾಗದ ಕೊನೆಯ ಪುಟದಲ್ಲಿ ನಾಯಕಿ ಯಾವುದಾದರೊಂದು ಸಂಕಟದ ಅಂಚಿನಲ್ಲಿ ನಿಂತಿರಲೇಬೇಕು. ಇದನ್ನು ಕಲೆಯ ದೋಷವೆಂದು ಎಣಿಸುವ ಮುನ್ನ ಮುದ್ರಕನ ಬಾಕಿಯನ್ನೂ ಎಣಿಸಬೇಕು ಎಂದು ನಮಗನ್ನಿಸುತ್ತದೆ.

ಪಾಲಿ ಹಿಲ್ ಎಂಬ ವಿದ್ವಾಂಸೆ 1969ರಲ್ಲಿ ಹೌಸಾ ನಾಡಿನ 'ಮರೆಯ ವ್ಯಾಪಾರ'ದ ಬಗ್ಗೆ ಒಂದು ಪ್ರಬಂಧ ಬರೆದರು. (ಆನೇಕಲ್ ಸೀಮೆಯ ಹಳ್ಳಿಗಳಲ್ಲಿ ಓಡಾಡಿ, ಹೌಸಾ ರೈತರನ್ನೂ ಕರ್ನಾಟಕದ ರೈತರನ್ನೂ ಹೋಲಿಸಿ 1982ರಲ್ಲಿ ಪುಸ್ತಕ ಬರೆದವರು ಇದೇ ಹಿಲ್. ನಮ್ಮ ವಿಮರ್ಶಕರಿಗೆ ಹೊಳೆಯದ ಹೋಲಿಕೆ ಅರ್ಥಶಾಸ್ತ್ರದವರಿಗೆ ಹೊಳೆಯಿತು!) ಪರದೆಯೊಳಗಿನ ಹೌಸಾ ಗೃಹಿಣಿಯರು ಮನೆಯಲ್ಲೇ ಅಡುಗೆ ತಿಂಡಿ ಮಾಡಿ ಮಕ್ಕಳ ಕೈಯಲ್ಲಿ ಮಾರಾಟಕ್ಕೆ ಕಳಿಸುತ್ತಾರೆ. ಅಲಸಂದೆಯ 'ಕೋಸೆ' ಎಂಬ ವಡೆ ಅಲ್ಲಿ ಪ್ರಸಿದ್ಧ. ಹೆಂಗಸು ಹೊಸ್ತಿಲು ದಾಟುವುದಿಲ್ಲ, ಅವಳ ಸರಕು ದಾಟುತ್ತದೆ. ಬಂದ ಹಣ ಅವಳದೇ. ಪ್ರೇಮಕಾದಂಬರಿಯೂ ಇದೇ ದಾರಿಯಲ್ಲಿ ಪೇಟೆಗೆ ಹೋಯಿತು ಎಂಬುದು ನಮ್ಮ ತಿಳುವಳಿಕೆ. ನೋಟ್‌ಪುಸ್ತಕದಲ್ಲಿ ಬೆಂದದ್ದು ಸಾಬೊನ್ ಗಾರಿಯಂತಹ ಪೇಟೆಯ ಅಂಗಡಿ ಸೇರಿ, ಅಲ್ಲಿಂದ ಇನ್ನೊಂದು ಮನೆಯ ಒಳಕೋಣೆಗೆ ಹೋಗುತ್ತದೆ. ಬರೆದವಳೂ ಓದಿದವಳೂ ಪೇಟೆಯನ್ನು ಕಂಡಿರಲೇಬೇಕೆಂದಿಲ್ಲ.

ಈ ದಾರಿಯನ್ನು ನಾವು ಸ್ವತಃ ನಡೆದಿದ್ದೇವೆ. ಶಿವಮೊಗ್ಗದ ಕಡೆಯ ನಮ್ಮೂರಿನಲ್ಲಿ ಉರ್ದು ಶಾಲೆಗೆ ಹೋಗುತ್ತಿದ್ದಾಗ ಖಾಲಾರವರ ಅಂಚೆಯಾಳು ನಾವೇ. ಬಾಡಿಗೆ ಪುಸ್ತಕದಂಗಡಿಯಿಂದ ಎ.ಆರ್. ಖಾತೂನ್, ರಜಿಯಾ ಬಟ್ ಅವರ ದಪ್ಪ ನಾವೆಲ್‌ಗಳನ್ನು ಅಂಗಿಯೊಳಗೆ ಬಚ್ಚಿಟ್ಟು ತರಬೇಕು, ಓದಿದ್ದನ್ನು ಹಿಂತಿರುಗಿಸಬೇಕು. ಖಾಲಾ ಅವನ್ನು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದರು. ನಾನಾ ಒಮ್ಮೆ ಪತ್ತೆಹಚ್ಚಿ, "ಇದರಿಂದ ಹುಡುಗಿಯರು ಕೆಡುತ್ತಾರೆ" ಎಂದು ಗುಡುಗಿದ್ದು ನೆನಪಿದೆ. ಕಾಲೇಜು ಮೆಟ್ಟಿಲು ಹತ್ತಿ ನವ್ಯ, ಬಂಡಾಯ ಎಲ್ಲ ಓದಿಕೊಂಡ ಮೇಲೆ ನಾವೂ ಬೇರೆ ಮಾತುಗಳಲ್ಲಿ ನಾನಾರವರ ಅಭಿಪ್ರಾಯವನ್ನೇ ಹೇಳತೊಡಗಿದೆವು. ಕನ್ನಡದ ಲೇಖಕಿಯರನ್ನು 'ಅಡುಗೆಮನೆ ಸಾಹಿತ್ಯ' ಎಂದು ಹಂಗಿಸಿದವರ ಸಾಲಿನಲ್ಲಿ ಒಂದು ಕಾಲದಲ್ಲಿ ನಮಗೂ ಜಾಗವಿತ್ತು.

ಹಾಗಾದರೆ ಬಲಾರಬಾ ಅವರ ಕಾದಂಬರಿ ಹೇಗಿದೆ? ಅಲ್‌ಹಾಜಿ ಅಬ್ದು ಎಂಬ ವ್ಯಾಪಾರಿಗೆ ಹೆಂಡತಿ ರಾಬಿ, ಒಂಬತ್ತು ಮಕ್ಕಳು. ಮನೆಯವರ ಊಟದ ಖರ್ಚಿಗೆ ಕೈ ಬಿಗಿ ಹಿಡಿಯುವ ಈತ, ದೆಲು ಎಂಬ ಹಳೆಯ ವೇಶ್ಯೆಯನ್ನು ಮದುವೆಯಾಗಿ, ರಾಬಿಯನ್ನೂ ಮಕ್ಕಳನ್ನೂ ಹೊರಹಾಕುತ್ತಾನೆ. ರಾಬಿ ಅಡುಗೆ ಮಾಡಿ ಮಾರಿ ಮಕ್ಕಳನ್ನು ಸಾಕುತ್ತಾಳೆ. ಹಿರಿಮಗಳು ಸೌದತುವಿಗೆ ಸ್ಥಿತಿವಂತ ವರ ಸಿಗುತ್ತಾನೆ. ಅತ್ತ ಅಬ್ದುವಿನ ವ್ಯಾಪಾರ ನೆಲಕಚ್ಚುತ್ತದೆ, ನಾಯಿಮರಿ ಮನೆಗೆ ಬರುತ್ತದೆ.

ದೋಷಗಳನ್ನು ಮುಚ್ಚಿಡಲಾರೆವು. ದೆಲು ಮನುಷ್ಯಳೇ ಅಲ್ಲ, ದುಷ್ಟತನದ ಗೊಂಬೆ; ಅವಳು ಆ ಸ್ಥಿತಿಗೆ ಹೇಗೆ ಬಂದಳೆಂದು ಕೇಳುವ ವ್ಯವಧಾನ ಲೇಖಕಿಗಿಲ್ಲ. ರಾಬಿಯ ಸಂಕಟಕ್ಕೆ ಕಣ್ಣೀರಿಟ್ಟ ಲೇಖನಿ ಇನ್ನೊಬ್ಬ ಹೆಣ್ಣಿನ ವಿಷಯದಲ್ಲಿ ಇಷ್ಟು ಒರಟಾಗಬೇಕಿರಲಿಲ್ಲ. ಶ್ರೀಮಂತ ಅಳಿಯನ ಮೂಲಕ ಬರುವ ಬಿಡುಗಡೆಯೂ ಅಗ್ಗದ್ದೇ. ಶಿಕ್ಷೆ, ಬಹುಮಾನಗಳು ಅಂಗಡಿಯ ಲೆಕ್ಕದಂತೆ ಚುಕ್ತಾ ಆಗುತ್ತವೆ.

ಆದರೂ ಈ ಪುಸ್ತಕ ನಮ್ಮನ್ನು ಬಿಡಲಿಲ್ಲ. ಪ್ರೇಮದ ಪುಸ್ತಕವೆಂಬ ಹೆಸರು ಹೊತ್ತಿದ್ದರೂ ಇಲ್ಲಿ ಹೆಚ್ಚಾಗಿ ಇರುವುದು ಅನ್ನದ ಲೆಕ್ಕ. ರಾಬಿಯ ದೂರು ಗಂಡ ಇನ್ನೊಬ್ಬಳನ್ನು ತಂದ ಎಂಬುದಕ್ಕಿಂತ, ಶರೀಅತ್ತು ಅವನ ಮೇಲೆ ಹೊರಿಸಿರುವ ನಫಖಾ, ಅಂದರೆ ಹೆಂಡತಿ ಮಕ್ಕಳ ಹೊಟ್ಟೆಬಟ್ಟೆಯ ಹೊಣೆ, ಅದನ್ನು ಅವನು ಕೈಬಿಟ್ಟ ಎಂಬುದೇ ಆಗಿದೆ. ಧರ್ಮವನ್ನು ಬಿಟ್ಟು ಹೊರಬರುವ ಮಾತು ಇಲ್ಲಿಲ್ಲ. ನೀನು ಹೆಸರು ಹೇಳುವ ಧರ್ಮವೇ ನನಗೆ ಕೊಟ್ಟ ಹಕ್ಕನ್ನು ಮೊದಲು ಕೊಡು ಎಂಬ ಒತ್ತಾಯವಿದೆ. ಅಡುಗೆ ಮಾರಿ ಬದುಕುವ ನಾಯಕಿಯನ್ನು, ಬರೆದದ್ದನ್ನು ಮಾರಿ ಬದುಕುವ ಲೇಖಕಿ ಬರೆದಿದ್ದಾಳೆ ಎಂಬುದನ್ನು ಮರೆತು ಈ ಪುಟಗಳನ್ನು ಓದುವುದು ಸಾಧ್ಯವಿಲ್ಲ. ದುಡಿಮೆಯ ಭಾಗ ಬಂದಾಗ ಕಥೆಗೆ ಒಂದು ಬಿಗಿ ಬರುತ್ತದೆ, ಪ್ರೇಮದ ಭಾಗದಲ್ಲಿ ಅದು ಸಡಿಲವಾಗುತ್ತದೆ.

ಅಂತ್ಯವಂತೂ ಕಹಿ. ಎಲ್ಲ ಕಳಕೊಂಡ ಅಬ್ದು ಹಿಂತಿರುಗುತ್ತಾನೆ. ತನ್ನ ಕಾಲ ಮೇಲೆ ನಿಂತಿದ್ದ ರಾಬಿ, ಮನಸ್ಸಿಲ್ಲದಿದ್ದರೂ, ಬಂಧುಗಳ ಒತ್ತಾಯಕ್ಕೆ ಮಣಿದು ಅವನ ಮನೆ ಸೇರಬೇಕಾಗುತ್ತದೆ. ಲೇಖಕಿ ಸಂಪ್ರದಾಯಕ್ಕೆ ಶರಣಾದರು ಎಂದು ಆಕ್ಷೇಪಿಸಬಹುದು. ನಮಗೆ ಹಾಗನ್ನಿಸುವುದಿಲ್ಲ. ಕೊನೆಯಲ್ಲಿ ಸುಖವಿದೆಯೆಂದು ಲೇಖಕಿ ನಟಿಸಿಲ್ಲ. ಪುಸ್ತಕ ಕೊಳ್ಳುವ ಹೆಂಗಸರಿಗೆ ಇಂತಹ ರಾಜಿಗಳು ಮನೆಮನೆಯಲ್ಲಿ ಗೊತ್ತು. ಬೇರೆ ಅಂತ್ಯ ಬರೆದಿದ್ದರೆ ನಂಬುತ್ತಿದ್ದವರು ನಾವು, ದೂರದಲ್ಲಿ ಕೂತ ವಿಮರ್ಶಕರು. ಸಂಪಾದಕನಿಲ್ಲದ ಲೇಖಕಿಗೆ ಯಾರ ಹಂಗೂ ಇಲ್ಲವೆಂದು ಭಾವಿಸುತ್ತೇವೆ. ಅವಳಿಗೆ ಓದುಗಳ ಹಂಗಿದೆ, ಅದು ಸಂಪಾದಕನ ಹಂಗಿಗಿಂತ ಸಡಿಲವೇನಲ್ಲ.

ಹಿಂದಿ ಸಿನಿಮಾದ ನಕಲು ಎಂಬ ಆರೋಪವೂ ಈ ಪುಸ್ತಕಗಳ ಮೇಲಿದೆ. ಕಾನೋದ ಚಿತ್ರಮಂದಿರಗಳಲ್ಲಿ 1950ರ ದಶಕದಿಂದಲೂ ನಮ್ಮ ಸಿನಿಮಾಗಳು ಓಡಿವೆ, 'ಮದರ್ ಇಂಡಿಯಾ'ವನ್ನು ದಶಕಗಳ ಕಾಲ ಜನ ನೋಡಿದ್ದಾರೆ. ಬ್ರಿಯಾನ್ ಲಾರ್ಕಿನ್ ಎಂಬ ಮಾನವಶಾಸ್ತ್ರಜ್ಞರು 1997ರ ಒಂದು ಪ್ರಬಂಧದಲ್ಲಿ ಈ ನಂಟನ್ನು ಬಿಡಿಸಿ ತೋರಿಸಿದ್ದಾರೆ. ಪಶ್ಚಿಮದವರಾಗದೆಯೇ ಆಧುನಿಕರಾಗುವುದು ಹೇಗೆ, ಹಿರಿಯರ ಮಾತು ಮೀರದೆ ಒಲಿದವನನ್ನು ಪಡೆಯುವುದು ಹೇಗೆ ಎಂಬ ಚಿಂತೆ ಹೌಸಾ ಯುವಜನರಿಗೂ ಇತ್ತು. ಆ ಗೊಂದಲವನ್ನು ಹಾಡು ಕಟ್ಟಿ ತೋರಿಸಿದ್ದು ಬೊಂಬಾಯಿ. ಎರವಲು ತಂದದ್ದರಲ್ಲಿ ನಾಚಿಕೆಯೇನಿದೆ? ನಮ್ಮ ಖಾಲಾರವರ ನಾವೆಲ್‌ಗಳೂ ಅದೇ ಗೊಂದಲದ ಸುತ್ತ ಸುತ್ತುತ್ತಿದ್ದವು.

ಇಷ್ಟಕ್ಕೇ ಮುಗಿದಿದ್ದರೆ ಇದು ಪಂಡಿತರ ಜಗಳವಾಗಿ ಉಳಿಯುತ್ತಿತ್ತು. 2007ರಲ್ಲಿ ಕಾನೋ ರಾಜ್ಯದ ಗವರ್ನರ್ ಇಬ್ರಾಹೀಂ ಶೆಕಾರವು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಂತಹ ಪುಸ್ತಕಗಳನ್ನು ಬಹಿರಂಗವಾಗಿ ಸುಟ್ಟರು. ಈತ ರಾಜಕೀಯಕ್ಕೆ ಬರುವ ಮೊದಲು ಶಾಲಾ ಮುಖ್ಯೋಪಾಧ್ಯಾಯರಾಗಿದ್ದವರು! ಅದೇ ವರ್ಷ ನಟಿಯೊಬ್ಬಳ ಖಾಸಗಿ ವೀಡಿಯೊ ಮೊಬೈಲುಗಳಲ್ಲಿ ಹರಿದಾಡಿದ್ದೇ ನೆಪವಾಗಿ, ಸೆನ್ಸಾರ್ ಮಂಡಳಿ ಚಿತ್ರರಂಗದ ಜೊತೆಗೆ ಬರಹಗಾರರ ಮೇಲೂ ಹರಿಹಾಯಿತು. ಲೇಖಕರು ಹೆಸರು ನೋಂದಾಯಿಸಬೇಕೆಂಬ ಆದೇಶಕ್ಕೆ ಲೇಖಕರ ಸಂಘ ಪ್ರತಿಭಟಿಸಿತು. ಇಖ್ರಾ, ಓದು, ಎಂಬ ಆಜ್ಞೆಯಿಂದ ಆರಂಭವಾದ ಧರ್ಮದ ಹೆಸರಿನಲ್ಲಿ, ಮುಸ್ಲಿಂ ಹೆಣ್ಣುಮಕ್ಕಳು ತಮ್ಮ ಮಾತೃಭಾಷೆಯಲ್ಲಿ ಬರೆದು ಓದುತ್ತಿದ್ದುದನ್ನು ಅವರ ಕಣ್ಣೆದುರೇ ಬೂದಿ ಮಾಡಿದ್ದನ್ನು ನಾವು ಯಾವ ಮುಲಾಜೂ ಇಲ್ಲದೆ ಖಂಡಿಸಬೇಕು. ಬೆಂಕಿಗೆ ಬಿದ್ದ ಆ ಪ್ರತಿಗಳ ನಷ್ಟ ಹೊರಲು ಅಲ್ಲಿ ಪ್ರಕಾಶಕನೂ ಇರಲಿಲ್ಲ.

ಪುಸ್ತಕಗಳು ನಿಲ್ಲಲಿಲ್ಲ. ರೇಡಿಯೋದಲ್ಲಿ ಕಾದಂಬರಿ ಓದಿ ಹೇಳುವ ಕಾರ್ಯಕ್ರಮಗಳು ಬಂದವು. ಈಚಿನ ವರ್ಷಗಳಲ್ಲಿ ಹೊಸ ಲೇಖಕಿಯರು ವಾಟ್ಸ್ಆಪ್‌ನಲ್ಲಿ ಅಧ್ಯಾಯ ಅಧ್ಯಾಯವಾಗಿ ಕಥೆ ಮಾರುತ್ತಿದ್ದಾರೆ. ಮುದ್ರಕನ ಬಾಕಿ ಹೋಯಿತು, ಕಥೆಯನ್ನು ಅಂಚಿನಲ್ಲಿ ನಿಲ್ಲಿಸುವ ಅಭ್ಯಾಸ ಉಳಿಯಿತು.

ನಮ್ಮ ಮೊದಲ ಕಥಾಸಂಕಲನವನ್ನೂ ನಾವೇ ಹಣ ಹಾಕಿ ಅಚ್ಚು ಮಾಡಿಸಿದ್ದು. ಐನೂರು ಪ್ರತಿಗಳಲ್ಲಿ ಅರ್ಧ ಇಂದಿಗೂ ಮಂಚದ ಕೆಳಗಿವೆ. ಮಾರಲು ಒಯ್ದ ಅಂಗಡಿಯವರೊಬ್ಬರು ಪುಸ್ತಕವನ್ನೂ ಕೊಡಲಿಲ್ಲ, ದುಡ್ಡನ್ನೂ ಕೊಡಲಿಲ್ಲ. ಆದರೂ ಅದನ್ನು ನಾವು 'ಸಾಹಿತ್ಯ' ಎಂದೇ ಕರೆದೆವು. ಮಾರಾಟವಾಗದ್ದೇ ಅದಕ್ಕೊಂದು ಪುರಾವೆಯೆಂಬಂತೆ! ಸಾರಾ ಅಬೂಬಕ್ಕರ್ (1936–2023) ಅವರು ಚಂದ್ರಗಿರಿ ಪ್ರಕಾಶನವನ್ನು ತಾವೇ ಕಟ್ಟಿ ತಮ್ಮ ಪುಸ್ತಕಗಳನ್ನು ಓದುಗರಿಗೆ ಮುಟ್ಟಿಸಿದರು. ಆ ಕೆಲಸದ ಶ್ರಮದ ಬಗ್ಗೆ ಅವರು ಬದುಕಿದ್ದಾಗ ನಾವು ಒಂದು ಸಾಲನ್ನೂ ಬರೆಯಲಿಲ್ಲ. ಅವರ ಕಥೆಗಳ ಬಗ್ಗೆ ಮಾತ್ರ ಪುಟಗಟ್ಟಲೆ ಬರೆದೆವು.

ಕಳೆದ ರಮಝಾನಿನಲ್ಲಿ ಊರಿಗೆ ಹೋದಾಗ ಖಾಲಾರವರಿಗೆ ರಾಬಿಯ ಕಥೆ ಹೇಳಿದೆವು. ಕಣ್ಣಿನ ಪೊರೆಯಿಂದಾಗಿ ಅವರಿಗೆ ಈಗ ಓದಲಾಗುವುದಿಲ್ಲ. ರಾಬಿ ಗಂಡನ ಮನೆಗೆ ಹಿಂತಿರುಗಿದಳು ಎಂದಾಗ ಅವರು ತಸ್ಬೀಹ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದರ ಎರಡನೇ ಹಿಸ್ಸಾ ತರಲಿಲ್ಲವಾ ಬೇಟಾ?" ಎಂದರು.