ಹಂದಿಯ ಮೇವಿನಲ್ಲಿ ತಾಮ್ರ: ಒಂದು ಪಾಠದ ವಿಮರ್ಶೆ

ಕೊಬ್ಬಿಸುವ ಹಂದಿಗಳ ಆಹಾರಕ್ಕೆ ಕಿಲೋಗ್ರಾಂ ಒಂದಕ್ಕೆ 250 ಮಿಲಿಗ್ರಾಂ ತಾಮ್ರವನ್ನು ಸೇರಿಸಿದರೆ ಅವು ಬೇಗ ಬೆಳೆಯುತ್ತವೆಂಬ ಮಾತು ಪಶುಪೋಷಣೆಯ ಪಾಠಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಈ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಅದು ಎಲ್ಲಿ ಹುಟ್ಟಿತು, ಎಂತಹ ಹಂದಿಗೆ ಅನ್ವಯಿಸುತ್ತದೆ ಎಂಬುದನ್ನು ಬಿಟ್ಟು ಬರಿಯ ಅಂಕಿಯನ್ನು ವಿದ್ಯಾರ್ಥಿಗಳ ಕೈಗೆ ಕೊಡುವ ಪದ್ಧತಿಯೇ ನಮ್ಮ ಆಕ್ಷೇಪಣೆಗೆ ವಿಷಯ.

ಅಂಕಿಯ ಮೂಲ ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಸಮೀಪದ ಷಿನ್‌ಫೀಲ್ಡ್. ಅಲ್ಲಿ ಬಾರ್ಬರ್, ಬ್ರೌಡೆ, ಮಿಚೆಲ್ ಎಂಬ ಸಂಶೋಧಕರು 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತಾಮ್ರವು ಪ್ರತಿಜೀವಕ ಔಷಧಗಳಿಗೆ ಹೋಲುವ ಫಲವನ್ನು ಕೊಟ್ಟಿತು. ಇದು ಪೋಷಣೆಯ ಕೊರತೆಯನ್ನು ತುಂಬಿದ ಫಲವಲ್ಲವೆಂಬುದನ್ನು ಗಮನಿಸಬೇಕು. ಕೊಬ್ಬುವ ಹಂದಿಯ ದೇಹಕ್ಕೆ ಅವಶ್ಯವಾದ ತಾಮ್ರ ಕಿಲೋಗ್ರಾಂ ಆಹಾರಕ್ಕೆ 3ರಿಂದ 4 ಮಿಲಿಗ್ರಾಂ ಮಾತ್ರ. ಧಾನ್ಯ, ತೌಡು, ಹಿಂಡಿಗಳಲ್ಲಿ ಅದು ಸಾಮಾನ್ಯವಾಗಿ ದೊರೆಯುತ್ತದೆ. ಮಿಕ್ಕದ್ದು ಔಷಧದಂತೆ ಕೆಲಸ ಮಾಡುತ್ತದೆ. ಆ ಫಲವೂ ಹಾಲು ಬಿಟ್ಟ ಮರಿಗಳಲ್ಲಿ ಹೆಚ್ಚು, ಕೊನೆಯ ಹಂತದಲ್ಲಿ ಕಡಮೆ. 425 ಮಿಲಿಗ್ರಾಮಿಗೆ ಏರಿದಾಗ ಹಂದಿಗಳಿಗೆ ಕಾಮಾಲೆ ಮುಂತಾದ ವಿಷಲಕ್ಷಣಗಳು ತೋರಿದುದನ್ನೂ, ಸತು ಮತ್ತು ಕಬ್ಬಿಣಗಳನ್ನು ಸೇರಿಸಿದರೆ ರಕ್ಷಣೆ ದೊರೆಯುವುದನ್ನೂ 1966ರಲ್ಲಿ ಸಟಲ್ ಮತ್ತು ಮಿಲ್ಸ್ ವರದಿ ಮಾಡಿದರು. 250ನ್ನು ಹೇಳುವ ಪಾಠ ಇದನ್ನು ಹೇಳುವುದು ಅಪರೂಪ.

ಈಗ ಈ ಪಾಠವನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿಟ್ಟು ನೋಡೋಣ. ಷಿನ್‌ಫೀಲ್ಡಿನ ಅಂಕಿ ಅಳೆದು ಬೆರೆಸಿದ ಒಣ ಮೇವಿನದು. ಬೆಂಗಳೂರಿನ ಸುತ್ತ ಸಾಕುವ ಹಂದಿಗಳಾದರೋ ಬಹುಮಟ್ಟಿಗೆ ಹೋಟೆಲುಗಳ ಎಂಜಲನ್ನೇ ನಂಬಿವೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರೆಂದು ಭಾವಿಸಿ, ಹಸಿತೂಕದ ಕಿಲೋಗ್ರಾಮಿಗೆ 250 ಮಿಲಿಗ್ರಾಂ ಲೆಕ್ಕ ಹಾಕಿದರೆ, ಒಣತೂಕಕ್ಕೆ 1250 ಮಿಲಿಗ್ರಾಂ ಆಗುತ್ತದೆ. ಸಟಲ್ ಮತ್ತು ಮಿಲ್ಸರ ಹಂದಿಗಳನ್ನು ಕೆಡಿಸಿದ ಪ್ರಮಾಣದ ಎರಡೂವರೆ ಪಟ್ಟಿಗೂ ಮೀರಿದ್ದು! ಬಡ ಸಾಕಣೆಗಾರನು ತಕ್ಕಡಿಯಿಲ್ಲದೆ ಚಿಟಿಕೆಯ ಲೆಕ್ಕದಲ್ಲಿ ಮೈಲುತುತ್ತವನ್ನು ಹಾಕಿದರಂತೂ ಹೇಳುವುದೇ ಬೇಡ.

ಗೊಬ್ಬರದ ಪ್ರಶ್ನೆ ಇನ್ನೂ ದೊಡ್ಡದು. 30 ಕಿಲೋಗ್ರಾಮಿನಿಂದ 90ಕ್ಕೆ ಏರುವಷ್ಟರಲ್ಲಿ ಹಂದಿಯು ಸುಮಾರು 200 ಕಿಲೋಗ್ರಾಂ ಮೇವು ತಿಂದಿತೆನ್ನೋಣ. 250ರಂತೆ ಅದರ ಹೊಟ್ಟೆಗೆ 50 ಗ್ರಾಂ ತಾಮ್ರ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಹೊರಗೆ ಬರುತ್ತದೆ. ಮೇವಿನ ಐದನೆಯ ಒಂದು ಭಾಗ ಗೊಬ್ಬರವಾಗಿ ಉಳಿಯುವುದಾದರೆ, ಒಣಗಿದ ಗೊಬ್ಬರದ ಟನ್ನಿಗೆ ಒಂದು ಕಿಲೋಗ್ರಾಮಿಗೂ ಮಿಕ್ಕು ತಾಮ್ರವಿರುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರನಿಗೆ ಇದರ ಅರ್ಥವನ್ನು ತಿಳಿಸುವುದು ಸುಲಭ: ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಹಾಕುವ ಒಂದು ಕಿಲೋಗ್ರಾಂ ಮೈಲುತುತ್ತದಲ್ಲಿರುವ ತಾಮ್ರ ಕೇವಲ 250 ಗ್ರಾಂ. ಬೋರ್ಡೋ ಸಿಂಪಡಿಸಿದ ತೋಟದ ಮಣ್ಣಿನಲ್ಲಿ ಮೊದಲೇ ತಾಮ್ರ ಕೂಡಿರುತ್ತದೆ. ಅದು ಕೊಳೆಯುವ ವಸ್ತುವಲ್ಲ. ಹಿಪ್ಪುನೇರಳೆಯೂ ಗೊಬ್ಬರವನ್ನು ಹೇರಳವಾಗಿ ಬೇಡುವ ಬೆಳೆ. ಅದರ ಎಲೆಗೆ ಏರುವ ತಾಮ್ರ ಅಲ್ಪವೆಂಬುದನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ನಮ್ಮ ಚಿಂತೆ ಮಣ್ಣಿನದು.

ಕುರಿಯ ಮಾತು ಬೇರೆ. ಈ ತಾಲ್ಲೂಕುಗಳಲ್ಲಿ ಕುರಿ ಸಾಮಾನ್ಯ ಆಸ್ತಿ. ಅದರ ಯಕೃತ್ತು ತಾಮ್ರವನ್ನು ಕೂಡಿಟ್ಟು ಕಡೆಗೊಮ್ಮೆ ಒಮ್ಮೆಲೇ ರಕ್ತಕ್ಕೆ ಬಿಡುತ್ತದೆ. ಯೂರೋಪಿನ ಒಕ್ಕೂಟ ಕುರಿಯ ಮೇವಿಗೆ ಇಟ್ಟಿರುವ ಮಿತಿ 15 ಮಿಲಿಗ್ರಾಂ. ಹಂದಿಗೆಂದು ಬೆರೆಸಿದ ಮೇವಿನಲ್ಲಿ ಮಿಕ್ಕದ್ದು ಕುರಿಯ ಬಾನಿಗೆ ಬೀಳುವುದು ಅಸಂಭವವೇನಲ್ಲ.

ಅದೇ ಒಕ್ಕೂಟವು 2018ರ ನಿಯಮದಲ್ಲಿ ಕೊಬ್ಬಿಸುವ ಹಂದಿಯ ಮೇವಿಗೆ 25 ಮಿಲಿಗ್ರಾಮಿನ ಮಿತಿಯನ್ನು ಇಟ್ಟಿತು. ಅಂಕಿ ಹುಟ್ಟಿದ ಖಂಡದಲ್ಲೇ ಅದು ಹತ್ತನೆಯ ಒಂದು ಭಾಗಕ್ಕೆ ಇಳಿದಿದೆ. ಹೀಗಿರುವಾಗ ಪರೀಕ್ಷೆಯಲ್ಲಿ 250 ಎಂದು ಬರೆದ ವಿದ್ಯಾರ್ಥಿಗೆ ಪೂರ್ಣಾಂಕ ಕೊಡುವ ಮೊದಲು, ಅದು ಒಣತೂಕಕ್ಕೋ ಹಸಿತೂಕಕ್ಕೋ, ಮರಿಗೋ ಬೆಳೆದ ಹಂದಿಗೋ, ಗೊಬ್ಬರ ಯಾರ ಹೊಲಕ್ಕೆ ಹೋಗುತ್ತದೆ ಎಂದು ಅಧ್ಯಾಪಕರು ಕೇಳಬೇಕೆಂಬುದು ನಮ್ಮ ಕೋರಿಕೆ.