ವಿಳಂಬದ ನ್ಯಾಯ: ‘ಪರ್ಸ್ವೇಷನ್’ ಕಾದಂಬರಿಯ ಎರಡು ಮುಕ್ತಾಯಗಳು

ಭಾರತೀಯ ಕಾವ್ಯಮೀಮಾಂಸೆಯು ಶೃಂಗಾರವನ್ನು ಸಂಭೋಗ ಮತ್ತು ವಿಪ್ರಲಂಭ ಎಂದು ವಿಂಗಡಿಸಿ, ಎರಡನೆಯದಕ್ಕೇ ಹೆಚ್ಚಿನ ಮನ್ನಣೆ ನೀಡಿದೆ. ಮಾಧುರ್ಯಗುಣವು ವಿಪ್ರಲಂಭದಲ್ಲಿಯೂ ಕರುಣದಲ್ಲಿಯೂ ಉತ್ಕರ್ಷ ಪಡೆಯುತ್ತದೆಂಬುದು ಆನಂದವರ್ಧನನ ನಿಲುವು. ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂಬ ಪ್ರಭೇದಗಳನ್ನು ಲಾಕ್ಷಣಿಕರು ವಿಸ್ತಾರವಾಗಿ ನಿರೂಪಿಸಿದ್ದಾರೆ. ಆದರೆ ಈ ವಿಂಗಡಣೆ ಅಗಲಿಕೆಯ ಕಾರಣವನ್ನು ಹೇಳುತ್ತದೆಯೇ ಹೊರತು, ಆ ಅಗಲಿಕೆಯನ್ನು ದೀರ್ಘವಾದ ಗದ್ಯಕಥನದಲ್ಲಿ ಹಿಡಿದು ನಿಲ್ಲಿಸುವ ಬಗೆಯನ್ನು ಹೇಳುವುದಿಲ್ಲ. ಮುಕ್ತಕದಲ್ಲಿ ವಿರಹವು ಒಂದು ಕ್ಷಣದ ಸ್ಥಿತಿ; ಕಾದಂಬರಿಯಲ್ಲಿ ಅದು ಕಾಲದಲ್ಲಿ ಚಾಚಿಕೊಂಡ ಕ್ರಿಯೆ. ಪ್ರಣಯಿಗಳ ಮಿಲನವನ್ನು ಕಾದಂಬರಿಕಾರ ಏಕೆ ಮುಂದೂಡುತ್ತಾನೆ, ಎಲ್ಲಿಯವರೆಗೆ ಮುಂದೂಡಬಹುದು ಎಂಬ ಪ್ರಶ್ನೆ ಕನ್ನಡ ವಿಮರ್ಶೆಯಲ್ಲಿ ಬಹುಮಟ್ಟಿಗೆ ಕಥಾತಂತ್ರದ ಸಣ್ಣ ವಿಚಾರವಾಗಿಯೇ ಉಳಿದಿದೆ. ಅದು ಕೇವಲ ತಂತ್ರದ ಪ್ರಶ್ನೆಯಲ್ಲ ಎಂಬುದಕ್ಕೆ ಜೇನ್ ಆಸ್ಟಿನ್ನಳ ಕೊನೆಯ ಪೂರ್ಣ ಕಾದಂಬರಿ ‘ಪರ್ಸ್ವೇಷನ್’ ಒಂದು ಅಪೂರ್ವ ಸಾಕ್ಷ್ಯವನ್ನು ಒದಗಿಸುತ್ತದೆ.

ಆಸ್ಟಿನ್ ಈ ಕೃತಿಯನ್ನು 1816ರ ಜುಲೈ ತಿಂಗಳಲ್ಲಿ ಮುಗಿಸಿದಳು. ಆದರೆ ಮುಕ್ತಾಯ ಅವಳಿಗೆ ತೃಪ್ತಿ ನೀಡಲಿಲ್ಲ. ಪ್ರಣಯಿಗಳು ಒಂದಾಗುವ ಅಧ್ಯಾಯವನ್ನು ಕೈಬಿಟ್ಟು, ಅದರ ಸ್ಥಾನದಲ್ಲಿ ಎರಡು ಹೊಸ ಅಧ್ಯಾಯಗಳನ್ನು ಬರೆದು ಆಗಸ್ಟ್ ಆರಂಭದ ವೇಳೆಗೆ ಕೃತಿಯನ್ನು ಪೂರೈಸಿದಳು. 1817ರ ಜುಲೈನಲ್ಲಿ ಅವಳು ತೀರಿಕೊಂಡಳು. ಕಾದಂಬರಿ ಪ್ರಕಟವಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅವಳ ಪೂರ್ಣಗೊಂಡ ಕಾದಂಬರಿಗಳ ಪೈಕಿ ಬೇರಾವುದರ ಹಸ್ತಪ್ರತಿಯೂ ಉಳಿದಿಲ್ಲ. ಉಳಿದಿರುವುದು ಈ ತಿರಸ್ಕೃತ ಮುಕ್ತಾಯದ ಹಾಳೆಗಳು ಮಾತ್ರ. ಒಬ್ಬ ಶ್ರೇಷ್ಠ ಕಾದಂಬರಿಕಾರ್ತಿ ಮಿಲನವನ್ನು ಒಮ್ಮೆ ಸಾಧಿಸಿ, ಮತ್ತೆ ಹಿಂದೆಗೆದುಕೊಂಡು, ಇನ್ನಷ್ಟು ತಡಮಾಡಿದ ಬಗೆಯನ್ನು ಇಲ್ಲಿ ಕಣ್ಣಾರೆ ಕಾಣಬಹುದಾಗಿದೆ.

ಕಥೆಯ ಹಂದರ ಸರಳವಾದದ್ದು. ಆ್ಯನ್ ಎಲಿಯಟ್ ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ನೌಕಾಧಿಕಾರಿ ವೆಂಟ್‌ವರ್ತನನ್ನು ಮದುವೆಯಾಗಲು ಒಪ್ಪಿ, ತಾಯಿಯ ಸ್ಥಾನದಲ್ಲಿದ್ದ ಲೇಡಿ ರಸೆಲ್ಲಳ ಒತ್ತಾಯಕ್ಕೆ ಮಣಿದು ಒಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದಾಳೆ. ಎಂಟು ವರ್ಷಗಳ ತರುವಾಯ ಅವನು ಹಣವಂತನಾಗಿ ಮರಳುತ್ತಾನೆ. ಈಗ ಅವರನ್ನು ಬೇರ್ಪಡಿಸುವ ಹೊರಗಿನ ಅಡ್ಡಿ ಯಾವುದೂ ಇಲ್ಲ. ಬಡತನ ನೀಗಿದೆ, ಯುದ್ಧ ನಿಂತಿದೆ, ಇಬ್ಬರೂ ಅವಿವಾಹಿತರು. ಉಳಿದಿರುವುದು ಅವನ ನೊಂದ ಅಭಿಮಾನ ಮತ್ತು ಅವಳ ಮೌನ. ಲಾಕ್ಷಣಿಕರ ಪರಿಭಾಷೆಯಲ್ಲಿ ಇದನ್ನು ‘ಮಾನ’ವೆನ್ನಬೇಕು. ಆದರೆ ಪರಂಪರೆಯಲ್ಲಿ ಸಾಮಾನ್ಯವಾಗಿ ನಾಯಿಕೆಗೆ ಸಲ್ಲುತ್ತಿದ್ದ ಮಾನವು ಇಲ್ಲಿ ನಾಯಕನಲ್ಲಿದೆ. ಮುನಿದವನನ್ನು ಒಲಿಸಿಕೊಳ್ಳುವ ಉಪಾಯ ಯಾವುದೂ ಆ ಕಾಲದ ಅವಿವಾಹಿತ ಹೆಣ್ಣಿಗೆ ಲಭ್ಯವಿರಲಿಲ್ಲ ಎಂಬಲ್ಲಿ ಕೃತಿಯ ಬಿಗಿಯೆಲ್ಲ ಅಡಗಿದೆ.

ಆದುದರಿಂದ ಆಸ್ಟಿನ್ ಮಾತನ್ನು ತಡೆದು ಮೈಯ ಸನ್ನೆಗಳನ್ನು ಬಿಡುತ್ತಾಳೆ. ತುಂಟ ಮಗುವೊಂದು ಆ್ಯನಳ ಬೆನ್ನಿಗೆ ಜೋತುಬಿದ್ದಾಗ ವೆಂಟ್‌ವರ್ತ್ ಸದ್ದಿಲ್ಲದೆ ಬಂದು ಅದನ್ನು ಬಿಡಿಸುತ್ತಾನೆ. ಅವಳ ಕೃತಜ್ಞತೆಗೆ ಅವಕಾಶವಾಗದಂತೆ ಮಗುವಿನೊಂದಿಗೆ ಗದ್ದಲವೆಬ್ಬಿಸುತ್ತಾನೆ. ದೂರದ ನಡಿಗೆಯಿಂದ ದಣಿದ ಅವಳನ್ನು ಅಕ್ಕ-ಭಾವಂದಿರ ಗಾಡಿಗೆ ತಾನೇ ಹತ್ತಿಸುತ್ತಾನೆ. ಒಂದು ಮಾತನ್ನೂ ಆಡುವುದಿಲ್ಲ. ಇವು ಪ್ರಣಯದ ಘಟನೆಗಳೆಂದು ಇಬ್ಬರಲ್ಲಿ ಯಾರೂ ಒಪ್ಪುವಂತಿಲ್ಲ. ಅವನು ದಯೆಯಿಂದ ವರ್ತಿಸಿದ್ದಾನೆ, ಆದರೆ ಕ್ಷಮಿಸಿಲ್ಲ ಎಂದೇ ಅವಳು ಅರ್ಥೈಸಿಕೊಳ್ಳುತ್ತಾಳೆ. ಕಥನವು ಬಹುಮಟ್ಟಿಗೆ ಅವಳ ಪ್ರಜ್ಞೆಯೊಳಗಿನಿಂದಲೇ ಸಾಗುವುದರಿಂದ ಅವನ ಮನಸ್ಸು ಓದುಗನಿಗೂ ಮುಚ್ಚಿದೆ. ಓದುಗ ಅವಳಿಗಿಂತ ಸ್ವಲ್ಪ ಹೆಚ್ಚು ಆಶಾವಾದಿಯಾಗಿರುತ್ತಾನೆ, ಅಷ್ಟೇ. ಪ್ರಣಯಕಥನದ ಉತ್ಕಂಠತೆ ಹುಟ್ಟುವುದು ಈ ಸಣ್ಣ ಅಂತರದಿಂದ; ಅಡ್ಡಿಗಳ ಸಂಖ್ಯೆಯಿಂದಲ್ಲ.

ಕೈಬಿಟ್ಟ ಅಧ್ಯಾಯದಲ್ಲಿ ಈ ಅಂತರವನ್ನು ಆಸ್ಟಿನ್ ಆತುರದಿಂದ ಮುಚ್ಚಿಬಿಟ್ಟಿದ್ದಳು. ಅಲ್ಲಿ ಅಡ್ಮಿರಲ್ ಕ್ರಾಫ್ಟ್ ಆ್ಯನಳನ್ನು ಬಲವಂತವಾಗಿ ತನ್ನ ಬಿಡಾರದೊಳಕ್ಕೆ ಕರೆದೊಯ್ಯುತ್ತಾನೆ. ಒಳಗೆ ವೆಂಟ್‌ವರ್ತ್ ಇದ್ದಾನೆ. ಆ್ಯನ್ ತನ್ನ ಬಂಧುವಾದ ಎಲಿಯಟನನ್ನು ವರಿಸಲಿದ್ದಾಳೆಂಬ ವದಂತಿ ನಿಜವೇ, ನಿಜವಾದರೆ ತಾವು ಬಾಡಿಗೆಗೆ ಪಡೆದ ಅವಳ ತೌರುಮನೆಯನ್ನು ತೆರವು ಮಾಡಬೇಕೇ ಎಂದು ವಿಚಾರಿಸುವ ಹೊಣೆಯನ್ನು ಅಡ್ಮಿರಲ್ ವೆಂಟ್‌ವರ್ತನಿಗೇ ವಹಿಸುತ್ತಾನೆ. ಅವಳು ಅಲ್ಲವೆನ್ನುತ್ತಾಳೆ, ಇಬ್ಬರೂ ಒಂದಾಗುತ್ತಾರೆ. ಸನ್ನಿವೇಶದಲ್ಲಿ ಹಾಸ್ಯವಿದೆ, ಚುರುಕೂ ಇದೆ. ದೋಷವಿರುವುದು ಬೇರೆಡೆ: ಎಂಟು ವರ್ಷಗಳ ಮೌನ ಮನೆಬಾಡಿಗೆಯ ವಿಚಾರಣೆಯಿಂದ ಮುರಿಯುತ್ತದೆ, ಅದೂ ಆಕಸ್ಮಿಕವಾಗಿ. ಆ್ಯನಳ ಪಾಲಿಗೆ ಉಳಿಯುವುದು ಒಂದು ನಿರಾಕರಣೆ ಮಾತ್ರ. ಹತ್ತೊಂಬತ್ತರಲ್ಲಿ ಬೇರೆಯವರ ಮಾತಿಗೆ ಮಣಿದವಳು ಇಪ್ಪತ್ತೇಳರಲ್ಲೂ ಬೇರೆಯವರ ಪ್ರಶ್ನೆಗೆ ಉತ್ತರಿಸುವವಳಾಗಿಯೇ ಉಳಿದುಬಿಡುತ್ತಾಳೆ.

ಹೊಸ ಅಧ್ಯಾಯಗಳಲ್ಲಿ ಮಿಲನ ಮತ್ತಷ್ಟು ತಡವಾಗುತ್ತದೆ. ಆದರೆ ಆ ತಡದೊಳಗೆ ಅವಳಿಗೆ ಮಾತು ದೊರೆಯುತ್ತದೆ. ಬಾತ್ ನಗರದ ವಸತಿಗೃಹವೊಂದರ ಕೋಣೆ. ಜನ ಬರುತ್ತಾ ಹೋಗುತ್ತಾ ಇದ್ದಾರೆ. ವೆಂಟ್‌ವರ್ತ್ ಮೇಜಿನ ಬಳಿ ಕುಳಿತು ಪತ್ರ ಬರೆಯುತ್ತಿದ್ದಾನೆ. ಆ ಪತ್ರದ ವಿಷಯವೇ ಮಾರ್ಮಿಕವಾದದ್ದು: ಕ್ಯಾಪ್ಟನ್ ಹಾರ್ವಿಲ್ಲನ ತೀರಿಕೊಂಡ ತಂಗಿಗಾಗಿ ಬರೆಯಿಸಿದ್ದ ಬೆನ್ವಿಕನ ಚಿಕ್ಕ ಭಾವಚಿತ್ರಕ್ಕೆ ಈಗ ಅವನ ಹೊಸ ವಧುವಿಗಾಗಿ ಚೌಕಟ್ಟು ಹಾಕಿಸಬೇಕಾಗಿದೆ. ಇಷ್ಟು ಬೇಗ ತನ್ನ ತಂಗಿಯನ್ನು ಮರೆತನಲ್ಲ ಎಂಬ ಹಾರ್ವಿಲ್ಲನ ದುಃಖದಿಂದ ಆರಂಭವಾದ ಮಾತು, ಗಂಡು ಹೆಣ್ಣುಗಳಲ್ಲಿ ಯಾರ ಪ್ರೀತಿ ಹೆಚ್ಚು ಕಾಲ ಬಾಳುತ್ತದೆ ಎಂಬ ಚರ್ಚೆಯಾಗುತ್ತದೆ. ಗ್ರಂಥಗಳನ್ನು ಸಾಕ್ಷಿಯಾಗಿ ಒಪ್ಪಲಾಗದು, ಲೇಖನಿ ಗಂಡಸರ ಕೈಯಲ್ಲೇ ಇತ್ತು ಎಂಬರ್ಥದ ವಾದವನ್ನು ಆ್ಯನ್ ಮಂಡಿಸುತ್ತಾಳೆ. ಈ ನಡುವೆ ವೆಂಟ್‌ವರ್ತನ ಕೈಯಿಂದ ಲೇಖನಿ ಜಾರಿ ಬೀಳುತ್ತದೆ. ಆ ಕ್ಷಣದಲ್ಲಿ ಲೇಖನಿ ಹಿಡಿದಿದ್ದವನು ಅವನೇ ಎಂಬ ಸೂಕ್ಷ್ಮವನ್ನು ಕಥನ ಎತ್ತಿ ತೋರಿಸದೆ ಬಿಟ್ಟಿರುವುದು ಅದರ ಹಿರಿಮೆ. ಅವಳು ಮಾತನಾಡುವುದು ಹಾರ್ವಿಲ್ಲನೊಂದಿಗೆ, ಅದು ತಲುಪುವುದು ವೆಂಟ್‌ವರ್ತನಿಗೆ. ಅವನು ಉತ್ತರಿಸುವುದು ಬಾಯಿಂದಲ್ಲ, ಇನ್ನೊಂದು ಪತ್ರದ ಅಡಿಯಲ್ಲಿ ಅಡಗಿಸಿ ಬರೆದ ಪತ್ರದಿಂದ. ಎದುರಾಎದುರಿನ ಮಾತು ಇನ್ನೂ ದೂರವಿದೆ.

ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವ ಈ ಹೂಟ ಸಂಸ್ಕೃತ ನಾಟಕದ ಓದುಗರಿಗೆ ಅಪರಿಚಿತವಲ್ಲ. ‘ಅಭಿಜ್ಞಾನಶಾಕುಂತಲ’ದ ಮೂರನೆಯ ಅಂಕದಲ್ಲಿ ದುಷ್ಯಂತನು ಶಕುಂತಲೆ ಸಖಿಯರಲ್ಲಿ ತೋಡಿಕೊಂಡುದನ್ನು ಆಲಿಸುತ್ತಾನೆ, ಅವಳು ತಾವರೆಯೆಲೆಯ ಮೇಲೆ ಉಗುರಿನಿಂದ ಓಲೆ ಬರೆದೊಡನೆ ಹೊರಬರುತ್ತಾನೆ. ಅಲ್ಲಿ ಆಲಿಕೆ ವಿಳಂಬವನ್ನು ಕೊನೆಗಾಣಿಸುತ್ತದೆ. ನಿಜವಾದ ವಿಳಂಬವನ್ನು ಕಾಳಿದಾಸ ಮುಂದಿನ ಅಂಕದಲ್ಲಿ ಶಾಪದ ಮೂಲಕ ತರುತ್ತಾನೆ. ಮಹಾಭಾರತದಲ್ಲಿ ಈ ಶಾಪವಿಲ್ಲ. ಅಲ್ಲಿ ರಾಜನು ನೆನಪಿದ್ದೂ ಅಲ್ಲಗಳೆಯುತ್ತಾನೆ. ಶಾಪವು ನಾಯಕನನ್ನು ಕಳಂಕದಿಂದ ಕಾಪಾಡಿತು, ನಿಜ. ಆದರೆ ಅಡ್ಡಿ ಮನಸ್ಸಿನಿಂದ ಹೊರಕ್ಕೆ ಸರಿದು ಉಂಗುರದಲ್ಲಿ ನೆಲೆಸಿತು. ಆಸ್ಟಿನ್ ಮಾಡಿದ್ದು ಇದರ ವಿಲೋಮ. ಇಬ್ಬರಲ್ಲಿ ಯಾರು ಹೆಚ್ಚೆಂಬ ಮಾತು ಇಲ್ಲಿ ಅಪ್ರಸ್ತುತ; ನಾಟಕಕ್ಕೆ ರಂಗದ ಮೇಲೆ ತೋರಬಲ್ಲ ಕುರುಹು ಬೇಕು, ಕಾದಂಬರಿ ಅದಿಲ್ಲದೆಯೂ ನಡೆಯಬಲ್ಲದು.

ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಬೆಳೆದ ಕನ್ನಡದ ಜನಪ್ರಿಯ ಪ್ರಣಯ ಕಾದಂಬರಿ ಬಹುತೇಕ ಉಂಗುರದ ದಾರಿಯನ್ನೇ ಹಿಡಿಯಿತು. ಕೈಸೇರದ ಕಾಗದ, ತಪ್ಪುತಿಳಿವು, ಹಠಾತ್ ಅಪಘಾತಗಳು ವಾರದಿಂದ ವಾರಕ್ಕೆ ಕುತೂಹಲವನ್ನು ದಾಟಿಸಿದವು. ಪಾತ್ರಗಳು ಮಾತ್ರ ಇದ್ದಲ್ಲಿಯೇ ಉಳಿದವು. ಇದಕ್ಕೆ ತೀರ ಭಿನ್ನವಾದ ಮಾದರಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಅಲ್ಲಿ ವಿಳಂಬ ಕಥನದ ಆಕೃತಿಯಲ್ಲೇ ಇದೆ. ಗುತ್ತಿ-ತಿಮ್ಮಿಯರ ಕಥೆಯನ್ನು ನಡುದಾರಿಯಲ್ಲಿ ಬಿಟ್ಟು ಮುಕುಂದಯ್ಯ-ಚಿನ್ನಮ್ಮರ ಕಡೆಗೆ, ಅಲ್ಲಿಂದ ಐತ-ಪೀಂಚಲು ದಂಪತಿಗಳ ಕಡೆಗೆ ಹೊರಳುವ ನಿರೂಪಣೆಯಲ್ಲಿ ಒಂದು ಜೋಡಿಯ ಕಾಯುವಿಕೆ ಮತ್ತೊಂದು ಜೋಡಿಯ ನಡೆಯಾಗುತ್ತದೆ. ಮಲೆನಾಡಿನ ಕಾಡು, ಕಾಲ್ದಾರಿ, ಮಳೆ ಇಲ್ಲಿ ಹಿನ್ನೆಲೆಯ ವರ್ಣನೆಗಳಲ್ಲ. ಪ್ರಣಯಿಗಳು ನಡೆದು ತೀರಿಸಬೇಕಾದ ದೂರಗಳು. ಇಷ್ಟವಿಲ್ಲದ ಮದುವೆಯಿಂದ ತಪ್ಪಿಸಿಕೊಂಡು ಕಾಡು ಹೊಗುವ ಚಿನ್ನಮ್ಮನು ಆ್ಯನಳಂತೆ ವಾದ ಮಂಡಿಸುವವಳಲ್ಲ. ಅವಳ ಸಮಾಜದಲ್ಲಿ ಅಂಥ ಚರ್ಚೆಗೆ ಕೋಣೆಯೂ ಇಲ್ಲ, ಕೇಳುವವರೂ ಇಲ್ಲ. ಅವಳ ಮಾತಿನ ಸ್ಥಾನದಲ್ಲಿ ನಿಲ್ಲುವುದು ರಾತ್ರಿಯ ಆ ನಡಿಗೆ. ಗುತ್ತಿಯ ಪಾಲಿಗಂತೂ ಕೊನೆಯ ತಡೆ ತುಂಬಿ ಹರಿಯುವ ತುಂಗೆ. ಅದನ್ನು ದಾಟುವಾಗ ಅವನು ತನ್ನ ನಾಯಿ ಹುಲಿಯನನ್ನು ಕಳೆದುಕೊಳ್ಳುತ್ತಾನೆ. ತಿಮ್ಮಿ ಅವನ ಜೊತೆಯಲ್ಲಿದ್ದಾಳೆ, ಮಿಲನ ಕೈಗೂಡಿದೆ. ಆದರೂ ಓದುಗನ ಕಣ್ಣು ದಡದ ಕಡೆಗೆ ಹೊರಳದೆ ಹೊಳೆಯ ಮೇಲೆಯೇ ನಿಲ್ಲುತ್ತದೆ.